ಗಾಲಿಯ ಮೇಲಿನ ಮನೆ

ಕಳೆದ ವರ್ಷ ನಮ್ಮ ಆಪ್ತರೊಬ್ಬರು ಮೋಟಾರು ಮನೆಯೊಂದನ್ನು ಕೊಂಡುಕೊಳ್ಳುವ ವಿಚಾರದಲ್ಲಿದ್ದರು. ಹಾಸಿಗೆ, ಒಲೆ, ನೀರಿನ ತೊಟ್ಟಿ, ಸ್ನಾನದ ಕೋಣೆ ಇವೆಲ್ಲವನ್ನೂ ಒಡಲಲ್ಲಿಟ್ಟುಕೊಂಡು ಓಡುವ ಈ ವಾಹನಕ್ಕೆ ಜನರು ಕ್ಯಾರಾವಾನ್ ಎಂದೂ ಮೋಟಾರ್‌ಹೋಮ್ ಎಂದೂ ಕರೆಯುತ್ತಾರೆ. ನಮ್ಮ ಆಪ್ತರು ಮೂವತ್ತು ವರ್ಷಗಳ ನೌಕರಿ ಮುಗಿಸಿ ಕೈಗೆ ಬಂದ ಹಣದ ದೊಡ್ಡ ಪಾಲನ್ನು ಇದಕ್ಕೆ ವೆಚ್ಚಮಾಡುವವರಿದ್ದರು. ವಾಹನದ ಹೊಳೆಯುವ ಚಿತ್ರಗಳನ್ನು ನನ್ನ ಮುಂದೆ ಹರಡಿ, "ನಿಮಗೆ ಇತಿಹಾಸದ ಹುಚ್ಚು, ಇಂಥದನ್ನು ಕೊಳ್ಳುವಾಗ ಏನು ನೋಡಬೇಕೆಂಬುದು ನಿಮ್ಮ ಇತಿಹಾಸದಲ್ಲಿ ಎಲ್ಲಿಯಾದರೂ ಬರೆದದೆಯೋ?" ಎಂದು ವಿನೋದಕ್ಕಾಗಿ ಕೇಳಿದರು. ವಿನೋದದ ಆ ಪ್ರಶ್ನೆಯು ನನ್ನನ್ನು ಬಹು ದಿವಸ ಕಾಡಿತು. ಅದೇಕೆಂದರೆ, ಬಾಗಲಕೋಟೆ, ಬಾದಾಮಿ, ಹುನಗುಂದ, ಇಲಕಲ್ಲುಗಳ ಈ ಸೀಮೆಯಲ್ಲಿ ಗಾಲಿಯ ಮೇಲೆ ಮನೆ ಹೂಡುವ ಪದ್ಧತಿಯೇನೂ ಹೊಸದಲ್ಲ. ನಮ್ಮ ಹಿರಿಯರು ಅಂಥ ಮನೆಯನ್ನು ಕೊಂಡರು, ಅದರಲ್ಲಿ ಉಂಡು ಮಲಗಿದರು, ಮೋಸಹೋದರು, ಪರೀಕ್ಷಿಸಲಿಕ್ಕೂ ಕಲಿತರು. ಅದರ ಹೆಸರು ಕೊಲ್ಲಾರಿ ಬಂಡಿ.

ಬಂಡಿಯು ಅನಾದಿಕಾಲದಿಂದ ಪ್ರತಿಯೊಬ್ಬ ಒಕ್ಕಲಿಗನ ಮನೆಯ ಮುಂದೆಯೂ ನಿಂತಿತ್ತೆಂದು ನಾವು ಭಾವಿಸುವದುಂಟು, ಅದು ನಿಜವಲ್ಲ. ಹುನಗುಂದ ತಾಲೂಕಿನ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘವು ದಕ್ಷಿಣಾಪಥವನ್ನೆಲ್ಲ ವ್ಯಾಪಿಸಿ, ಹನ್ನೊಂದನೆಯ ಶತಮಾನದಲ್ಲಿ ಸುಮಾತ್ರಾ ದ್ವೀಪದವರೆಗೂ ತನ್ನ ಶಾಸನವನ್ನು ನೆಡಿಸಿತು. ಆ ಕಾಲದ ಸುಂಕದ ಶಾಸನಗಳಲ್ಲಿ ಬಂಡಿಯ ಹೆಸರು ಬರುವದಾದರೂ ಸರಕಿನ ಅಳತೆಯೆಂದು ಮೇಲಿಂದ ಮೇಲೆ ಕಾಣುವದು ಹೇರು. ಎಂದರೆ ಒಂದು ಎತ್ತಿನ ಇಲ್ಲವೆ ಕತ್ತೆಯ ಬೆನ್ನಿನ ಮೇಲೆ ಹೊರಿಸಿದ ಭಾರ. ಮುಂದೆ ಲಮಾಣಿಗರ ತಾಂಡೆಗಳು ಸಾವಿರಾರು ಎತ್ತುಗಳ ಬೆನ್ನಿನ ಮೇಲೆ ದವಸ, ಉಪ್ಪುಗಳನ್ನು ಹೇರಿಕೊಂಡು ಸೈನ್ಯಗಳಿಗೂ ಸಂತೆಗಳಿಗೂ ಮುಟ್ಟಿಸಿದವು. ರಸ್ತೆಯಿಲ್ಲದ ನಾಡಿನಲ್ಲಿ ಎತ್ತಿನ ಬೆನ್ನೇ ನಂಬತಕ್ಕ ವಾಹನವಾಗಿತ್ತು. ಅದಕ್ಕೆ ಅಚ್ಚು ಮುರಿಯುವ ಭಯವಿಲ್ಲ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿಯೂ ದಖ್ಖಣದ ಎಷ್ಟೋ ಭಾಗಗಳಲ್ಲಿದ್ದ ಬಂಡಿಗಳ ಗಾಲಿಗಳು ಕಲ್ಲಿನವು, ಇಲ್ಲವೆ ಒಂದೇ ಕೊರಡಿನಿಂದ ಕಡಿದವು. ತೇರಿನ ಗಾಲಿಗಳಲ್ಲಿ ಆ ಮಾದರಿಯನ್ನು ಇನ್ನೂ ಕಾಣಬಹುದು. ಅಂಥ ಬಂಡಿಗೆ ಹಲವು ಜೋಡಿ ಎತ್ತು ಹೂಡಬೇಕಾಗುತ್ತಿತ್ತಾದ್ದರಿಂದ ಅದು ಬಡ ಒಕ್ಕಲಿಗನ ಸೊತ್ತಾಗಿರಲಿಲ್ಲ. 1830ರ ದಶಕದಲ್ಲಿ ಮುಂಬಯಿ ಇಲಾಖೆಯ ಕಂದಾಯ ಮೋಜಣಿಯ ಕಾಲಕ್ಕೆ ಗೇಸ್‌ಫರ್ಡ್ ಎಂಬ ಲೆಫ್ಟನಂಟನು ಸೊಲ್ಲಾಪುರ ಸೀಮೆಯ ಟೆಂಭುರ್ಣಿಯಲ್ಲಿ ಹಗುರಾದ, ಅರೆಗಳುಳ್ಳ ಗಾಲಿಯ ಬಂಡಿಗಳನ್ನು ಮಾಡಿಸಹತ್ತಿದನು. ಒಂದು ಜೋಡಿ ಎತ್ತು ಎಳೆಯಬಲ್ಲ, ಒಕ್ಕಲಿಗನು ಕೊಳ್ಳಬಲ್ಲ ಬಂಡಿಯು ದಖ್ಖಣದಲ್ಲಿ ಹರಡಿದ್ದು ಆ ತರುವಾಯ, ರಸ್ತೆಗಳು ಬೆಳೆದಂತೆಲ್ಲ. ನಮ್ಮ ಅಜ್ಜಂದಿರ "ಪುರಾತನ" ಬಂಡಿಯ ವಯಸ್ಸು ಹೀಗೆ ಇನ್ನೂರು ವರ್ಷಗಳೊಳಗಿನದು. ಪಟ್ಟದಕಲ್ಲಿನ ನೆರಳಿನಲ್ಲಿ ಬೆಳೆದ ನಮಗೆ ಎಲ್ಲವನ್ನೂ ಚಾಲುಕ್ಯರ ಕಾಲಕ್ಕೆ ಒಯ್ಯುವ ಚಟವೊಂದಿರುವದರಿಂದ ಇದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕಾಯಿತು.

ಈ ಬಂಡಿಗೆ ಬಿದಿರಿನ ಕಮಾನು ಕಟ್ಟಿ, ಮೇಲೆ ಚಾಪೆ ಹೊದಿಸಿ, ಒಳಗೆ ಹುಲ್ಲು ಹಾಸಿ, ಹುಲ್ಲಿನ ಮೇಲೆ ಜಮಖಾನೆ, ಕೌದಿಗಳನ್ನು ಹಾಸಿದರೆ ಅದೇ ಕೊಲ್ಲಾರಿ ಬಂಡಿ. ಮದುವೆಯ ದಿಬ್ಬಣಕ್ಕೆ, ಬಾಣಂತಿಯನ್ನು ಗಂಡನ ಮನೆಗೆ ಕಳಿಸಲಿಕ್ಕೆ, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಲಿಕ್ಕೆ ಅದು ಬೇಕು. ಆದರೆ ಅದು ಪೂರ್ಣವಾಗಿ ಮನೆಯಾಗುತ್ತಿದ್ದುದು ಬನಶಂಕರಿಯ ಜಾತ್ರೆಯಲ್ಲಿ. ಬಾದಾಮಿಯಿಂದ ಸುಮಾರು ಐದು ಕಿಲೋಮೀಟರು ದೂರದ ಈ ಕ್ಷೇತ್ರದಲ್ಲಿ ಪುಷ್ಯ ಶುದ್ಧ ಪೌರ್ಣಿಮೆಗೆ, ಅಂದರೆ ಬನದ ಹುಣ್ಣಿಮೆಗೆ, ತೇರು ಎಳೆಯುವರು. ಇಲಕಲ್ಲ ಕಡೆಯವರಿಗೆ ಬಂಡಿಯಲ್ಲಿ ಅದು ಎರಡು ದಿವಸದ ದಾರಿ. ಸಜ್ಜೆಯ ರೊಟ್ಟಿ, ಶೇಂಗಾ ಹಿಂಡಿ, ಮಾದಲಿಗಳ ಬುತ್ತಿ ಕಟ್ಟಿಕೊಂಡು ಹೊರಟ ಕುಟುಂಬವು ಹರಿದ್ರಾತೀರ್ಥದ ಆಸುಪಾಸಿನ ಬಯಲಲ್ಲಿ ಬಂಡಿ ಬಿಟ್ಟರೆ, ಹೆಂಗಸರು ಮಕ್ಕಳು ಕೊಲ್ಲಾರಿಯ ಒಳಗೆ, ಗಂಡಸರು ಬಂಡಿಯ ಕೆಳಗೆ, ಎತ್ತುಗಳು ಗಾಲಿಗೆ. ಮೂಕಿಗೆ ತೂಗುಹಾಕಿದ ಕಂದೀಲೇ ಮನೆಯ ದೀಪ. ಇಡೀ ರಾತ್ರಿ ಕಂಪನಿ ನಾಟಕ ನೋಡಿ ಬಂದವರು ಸಾಲು ಸಾಲು ಬಂಡಿಗಳ ನಡುವೆ ತಮ್ಮ ಬಂಡಿಯನ್ನು ಎತ್ತಿನ ಗುರುತಿನಿಂದ ಕಂಡುಹಿಡಿಯುತ್ತಿದ್ದರೆಂದು ನಮ್ಮ ಅಜ್ಜಿ ಹೇಳುತ್ತಿದ್ದಳು.

ಇಂಥ ಮನೆಯನ್ನು ಹೊಸದಾಗಿ ಮಾಡಿಸುವವನು ಏನನ್ನು ನೋಡುತ್ತಿದ್ದನು? ಮೊದಲು ಕಟ್ಟಿಗೆ. ನಮ್ಮ ಸೀಮೆಯಲ್ಲಿ ಗಾಲಿಗೆ ಒಪ್ಪುವ ಮರವೆಂದರೆ ಕರಿಜಾಲಿ. ಹೊಲದ ಬದುವಿನಲ್ಲಿಯೇ ಬೆಳೆಯುವದು, ಗಟ್ಟಿಯಾದದ್ದು, ಪೆಟ್ಟು ತಾಳುವಂಥಾದ್ದು. ಸಾಗವಾನಿಯು ಚೆಂದಕ್ಕೆ ಮೇಲು. ಆದರೆ ಅದು ಹೊರಗಿನ ಕಾಡಿನಿಂದ ಬರಬೇಕು, ಬೆಲೆಯೂ ಹೆಚ್ಚು. ಯಾವ ಮರವಾದರೂ ಅದು ಒಣಗಿರಬೇಕು. ತಿಳಿದ ಒಕ್ಕಲಿಗನು ಮರವನ್ನು ತಾನೇ ಕಡಿಸಿ, ಒಂದೆರಡು ವರ್ಷ ನೆರಳಲ್ಲಿ ಕೆಡವಿ, ತರುವಾಯ ಬಡಿಗನನ್ನು ಕರೆಯುತ್ತಿದ್ದನು. ಹಸಿ ಕಟ್ಟಿಗೆಯ ಗಾಲಿಯು ಮಾಡಿದ ದಿವಸ ನೋಡಲಿಕ್ಕೆ ಒಣ ಕಟ್ಟಿಗೆಯ ಗಾಲಿಯಂತೆಯೇ ಇರುತ್ತದೆ. ಅದರ ಗುಣ ಹೊರಬೀಳುವದು ಚೈತ್ರ ವೈಶಾಖಗಳ ಬಿಸಿಲಿಗೆ: ಕಟ್ಟಿಗೆ ಕುಗ್ಗಿ ಗುಂಬದಲ್ಲಿ ಅರೆಗಳು ಅಲುಗಾಡುತ್ತವೆ, ಹೊರಸುತ್ತಿನ ತುಂಡುಗಳ ನಡುವೆ ಸಂದು ಬಿಡುತ್ತದೆ, ಕಬ್ಬಿಣದ ಹಳಿ ಸಡಲುತ್ತದೆ.

ಈ ಹಳಿ ಕಟ್ಟುವ ಕೆಲಸವನ್ನು ಕಣ್ಣಾರೆ ಕಂಡವರು ಈಗ ವಿರಳ. ಆದುದರಿಂದ ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ. ಬಡಿಗನು ಗಾಲಿಯನ್ನು ಮುಗಿಸಿದ ಮೇಲೆ ಕಂಬಾರನು ಅದರ ಸುತ್ತಳತೆ ತೆಗೆದುಕೊಂಡು, ಅದಕ್ಕಿಂತ ತುಸು ಸಣ್ಣದಾಗಿ ಕಬ್ಬಿಣದ ಬಳೆಯನ್ನು ಬೆಸೆಯುವನು. ಬಳೆಯನ್ನು ನೆಲದ ಮೇಲಿಟ್ಟು ಸುತ್ತಲೂ ಕುಳ್ಳು ಒಟ್ಟಿ ಬೆಂಕಿ ಹಚ್ಚಬೇಕು. ಕೆಂಪಗೆ ಕಾದು ಹಿಗ್ಗಿದ ಬಳೆಯನ್ನು ಮೂರು ನಾಲ್ಕು ಜನರು ಇಕ್ಕುಳಗಳಿಂದ ಎತ್ತಿ ಗಾಲಿಯ ಮೇಲೆ ಕೂಡ್ರಿಸಿ, ಸುತ್ತಿಗೆಯಿಂದ ಬಡಿದು, ಕಟ್ಟಿಗೆ ಹೊತ್ತುವದರೊಳಗಾಗಿ ಕೊಡಗಟ್ಟಲೆ ನೀರು ಸುರಿಯುವರು. ಕಬ್ಬಿಣವು ಕುಗ್ಗಿ, ಒಂದೊಂದು ಅರೆಯೂ ಗುಂಬದೊಳಗೆ ಕಿರುಗುಟ್ಟುತ್ತ ಬಿಗಿದುಕೊಳ್ಳುವ ಶಬ್ದವು ಕೇಳಿಸುತ್ತದೆ. ಬಳೆಯು ಸಡಿಲಾದರೆ ಗಾಲಿ ಕಳಚುತ್ತದೆ; ಅತಿ ಬಿಗಿಯಾದರೆ ಅರೆಗಳು ಸೊಟ್ಟಾಗುತ್ತವೆ. ಎಷ್ಟು ಸಣ್ಣದಿರಬೇಕೆಂಬ ಲೆಕ್ಕವು ಕಟ್ಟಿಗೆ ಎಷ್ಟು ಒಣಗಿದೆ ಎಂಬುದರ ಮೇಲೆ ನಿಂತಿರುವದರಿಂದ, ಕಂಬಾರನು ಬಡಿಗನ ಮಾತನ್ನು ನಂಬಬೇಕು, ಬಡಿಗನು ಕಂಬಾರನ ಕೈಯನ್ನು ನಂಬಬೇಕು. ಬಂಡಿಯ ಬಾಳಿಕೆಯು ಇರುವದು ಕಟ್ಟಿಗೆಯಲ್ಲಿಯೂ ಅಲ್ಲ, ಕಬ್ಬಿಣದಲ್ಲಿಯೂ ಅಲ್ಲ. ಅವೆರಡೂ ಕೂಡುವ ಸಂದಿನಲ್ಲಿ. ಗಾಲಿ ಕೆಟ್ಟಾಗ ಅವನು ಇವನ ಮೇಲೆ, ಇವನು ಅವನ ಮೇಲೆ ಹಾಕಲಿಕ್ಕೂ ಅದೇ ಸಂದೇ ಅನುಕೂಲ.

ಆದರೆ ಹಳ್ಳಿಯ ವ್ಯವಸ್ಥೆಯಲ್ಲಿ ಹಾಗೆ ಹಾಕಿಕೊಂಡು ಬಹು ದಿವಸ ಕೂಡ್ರಲಿಕ್ಕೆ ಬರುತ್ತಿರಲಿಲ್ಲ. ಇಬ್ಬರೂ ಆಯದವರು. ಸುಗ್ಗಿಯಲ್ಲಿ ಒಕ್ಕಲಿಗನ ಕಣಕ್ಕೆ ಬಂದು ಜೋಳದ ರಾಶಿಯಿಂದ ತಮ್ಮ ಪಾಲು ಒಯ್ಯುವವರು. ಅದಕ್ಕೆ ಪ್ರತಿಯಾಗಿ ವರ್ಷವಿಡೀ ದುರಸ್ತಿ ಮಾಡಿಕೊಡಲಿಕ್ಕೆ ಬದ್ಧರಾದವರು. ಹೊಸ ಬಂಡಿಗೆ ಬೇರೆ ಕೂಲಿ ಸಲ್ಲಬೇಕೆಂಬುದು ಸಾಮಾನ್ಯ ನಡಾವಳಿಯಾದರೂ, ಅದು ಕೆಟ್ಟರೆ ಬಾಗಿಲಿಗೆ ಬಂದು ನಿಲ್ಲುವದು ಅವರ ಮನೆಗೇ. ಯರಿ ಹೊಲದ ಕೆಸರಿನಲ್ಲಿ ಮಾಡಿದವನ ಬಂಡಿ ಹೇಗೆ ಏಳುತ್ತದೆಂಬುದನ್ನು ಊರೆಲ್ಲ ನೋಡುತ್ತಿತ್ತು. ಈ ಪದ್ಧತಿಯನ್ನು ಹೊಗಳಿ ಹಾಡುವ ಇಚ್ಛೆ ನನಗಿಲ್ಲ. ಆಯವು ಕಸಬುದಾರನನ್ನು ಊರಿಗೆ ಕಟ್ಟಿಹಾಕುತ್ತಿತ್ತು. ಮಳೆ ಹೋದ ವರ್ಷ ಕಣವೇ ಬರಿದಾಗಿ ಅವನ ಪಾಲೂ ಬರಿದಾಗುತ್ತಿತ್ತು. ತನ್ನ ಕೆಲಸದ ಬೆಲೆಯನ್ನು ತಾನು ಹೇಳುವ ಅಧಿಕಾರವು ಅವನಿಗೆ ಅಷ್ಟಕ್ಕಷ್ಟೇ. ಆದರೂ ಕೊಂಡವನಿಗೆ ಒಂದು ಮಾತು ಖಂಡಿತವಾಗಿತ್ತು: ತನ್ನ ಗಾಲಿಗೆ ಉತ್ತರ ಹೇಳತಕ್ಕವನು ಯಾರು, ಎಲ್ಲಿ ಇರುತ್ತಾನೆ ಎಂಬುದು.

ಈ ಖಾತ್ರಿಯನ್ನು ಬಿಟ್ಟು ಕೊಂಡರೆ ಏನಾಗುತ್ತದೆಂಬುದಕ್ಕೆ ನಮ್ಮ ಮನೆಯ ಕಥೆಯೇ ಸಾಕು. 1930ರ ಸುಮಾರಿನ ಮಾತು. ನಮ್ಮ ಮುತ್ತಜ್ಜನು ಊರ ಬಡಿಗನ ನಿಧಾನಕ್ಕೆ ಬೇಸತ್ತು, ಜಾತ್ರೆಯೊಂದರಲ್ಲಿ ಪರಸ್ಥಳದ ವ್ಯಾಪಾರಿಯಿಂದ ಸಿದ್ಧವಾದ ಹೊಸ ಬಂಡಿಯೊಂದನ್ನು ಕೊಂಡನು. ಹಸಿರು ಕೆಂಪು ಬಣ್ಣ, ಮೂಕಿಗೆ ಹಿತ್ತಾಳೆಯ ಹೂವು. ಊರಿಗೆ ಬಂದಾಗ ಜನ ನೋಡಲಿಕ್ಕೆ ನೆರೆದಿದ್ದರಂತೆ. ಊರ ಬಡಿಗನು ಮಾತ್ರ ಸುತ್ತಲೂ ತಿರುಗಿ, ಗುಂಬವನ್ನು ಬೆರಳ ಗೆಣ್ಣಿನಿಂದ ಬಡಿದು, ಏನೂ ಅನ್ನದೆ ಹೋದನು. ವೈಶಾಖದಲ್ಲಿ ಮದುವೆಗೆಂದು ಹೊರಟಾಗ ಅಮೀನಗಡ ದಾಟಿದ ಮೇಲೆ ಇಳಿಜಾರಿನಲ್ಲಿ ಎಡಗಾಲಿಯ ಗುಂಬವು ಸೀಳಿ ಬಂಡಿ ಮಗ್ಗುಲಾಯಿತು. ಒಳಗಿದ್ದ ನಮ್ಮ ಅಜ್ಜಿಗೆ ಆಗ ಏಳು ವರ್ಷ; ಅವಳು ಕೌದಿಗಳ ಮೇಲೆ ಬಿದ್ದು ಬದುಕಿದಳು. ಬದಿಯಲ್ಲಿ ನಡೆಯುತ್ತಿದ್ದ ಮುತ್ತಜ್ಜನ ತಮ್ಮನ ಕಾಲು ಗಾಲಿಯ ಕೆಳಗೆ ಸಿಕ್ಕು, ಅವನು ಸಾಯುವವರೆಗೂ ಕುಂಟುತ್ತಲೇ ಬಾಳಿದನು. ಸೀಳಿದ ಗುಂಬದೊಳಗೆ ನೋಡಿದರೆ ಹಳೆಯ ಬಿರುಕಿಗೆ ಅರಗು ಮತ್ತು ಕಟ್ಟಿಗೆಯ ಪುಡಿಯನ್ನು ಮೆತ್ತಿ ಮೇಲೆ ಬಣ್ಣ ಬಳಿದಿದ್ದರು. ವ್ಯಾಪಾರಿಯನ್ನು ಹುಡುಕುವದೆಲ್ಲಿ? ಊರ ಬಡಿಗನೇ ಹೊಸ ಗಾಲಿ ಮಾಡಿಕೊಟ್ಟನು, "ನಾ ಮಾಡಿದ್ದಲ್ಲಪಾ ಗೌಡ, ಇದಕ್ಕ ಕಾಳು ಬ್ಯಾರೆ ಕೊಡಬೇಕು" ಎಂದು ಮೊದಲೇ ಕರಾರು ಮಾಡಿಕೊಂಡು.

ಆ ತರುವಾಯ ನಮ್ಮ ಮನೆಯಲ್ಲಿ ಬಂಡಿ ಕೊಳ್ಳುವ ವಿಧಿಯೊಂದು ಹುಟ್ಟಿತು. ಬಣ್ಣ ಹಚ್ಚುವ ಮೊದಲು ನೋಡುವದು. ಗುಂಬವನ್ನು ಬಡಿದು ದನಿ ಕೇಳುವದು. ಗಾಲಿಯನ್ನು ನೆಲದಿಂದೆತ್ತಿ ತಿರುವಿ ಅದು ಓಲಾಡುವದೋ ಎಂದು ನೋಡುವದು. ಕಡಾಣಿಯನ್ನು ಕೈಯಿಂದ ತೆಗೆದು ಹಾಕುವದು. ಖಾಲಿ ಬಂಡಿಯನ್ನಲ್ಲ, ಹೇರಿದ ಬಂಡಿಯನ್ನು ಮಸಾರಿಯ ಕಲ್ಲುದಾರಿಯಲ್ಲಿ ಒಂದು ಹರದಾರಿ ಹೊಡೆದು ತರುವದು. ಸಾಧ್ಯವಾದರೆ ಒಂದು ಬೇಸಗೆ ಕಳೆಯುವವರೆಗೆ ಅರ್ಧ ಹಣವನ್ನು ತಡೆಹಿಡಿಯುವದು. ಕಡೆಯದೇ ಎಲ್ಲಕ್ಕಿಂತ ದೊಡ್ಡ ಪರೀಕ್ಷೆಯೆಂದು ನನಗನಿಸುತ್ತದೆ. ಹಸಿ ಕಟ್ಟಿಗೆಯ ಬಡಿಗನು ಅದಕ್ಕೆ ಎಂದೂ ಒಪ್ಪಲಾರನು.

1876–78ರ ಘೋರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆಯು ಬಹಳ ನೊಂದಿತು. ಮೇವಿಲ್ಲದೆ ಎತ್ತುಗಳು ಸತ್ತವು. ಬಂಡಿಗಳಿದ್ದರೂ ಕಾಳು ತರುವವರಿಲ್ಲವಾಯಿತು. ಈ ಅನುಭವವು ರೈಲುಮಾರ್ಗದ ಅಗತ್ಯವನ್ನು ಗಟ್ಟಿಯಾಗಿ ಹೇಳಿತು. 1884ರಲ್ಲಿ ಹೊಟಗಿ–ಗದಗ ಮಾರ್ಗವು ತೆರೆದು, ಬಾಗಲಕೋಟೆ ಬಾದಾಮಿಗಳಿಗೆ ಉಗಿಬಂಡಿ ಬಂದಿತು. ಹಳಿಯೆಂಬ ಗಾಲಿಯ ಬಳೆಯ ಹೆಸರೇ ಉಗಿಬಂಡಿಯ ದಾರಿಗೂ ಅಂಟಿಕೊಂಡದ್ದು ಭಾಷೆಯ ಒಂದು ಚಮತ್ಕಾರ.

ಅದರ ಮರುವರ್ಷವೇ, 1885ರಲ್ಲಿ, ಇಂಗ್ಲಂಡದಲ್ಲಿ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾದಳದ ನಿವೃತ್ತ ವೈದ್ಯನು ಬ್ರಿಸ್ಟಲ್ ವ್ಯಾಗನ್ ವರ್ಕ್ಸ್ ಎಂಬ ಕಾರಖಾನೆಯಿಂದ ತನಗಾಗಿ ಒಂದು ಬಂಡಿಮನೆಯನ್ನು ಮಾಡಿಸಿದನು. ಕೇವಲ ವಿಹಾರಕ್ಕಾಗಿ ಕಟ್ಟಿಸಿದ ಮೊದಲ ಕ್ಯಾರಾವಾನ್ ಎಂದು ಇದರ ಪ್ರಸಿದ್ಧಿ. ಹೆಸರು ವಾಂಡರರ್; ಮಹಾಗನಿ ಮತ್ತು ಮೇಪಲ್ ಮರಗಳಿಂದ ಮಾಡಿದ್ದು; ತೂಕ ಸುಮಾರು ಎರಡು ಟನ್ನು; ಎಳೆಯಲಿಕ್ಕೆ ಎರಡು ಕುದುರೆ. ಅವನು ಅದರಲ್ಲಿ ಟ್ವೈಫರ್ಡಿನಿಂದ ಸ್ಕಾಟ್ಲಂಡದ ಇನ್ವರ್ನೆಸ್ಸಿನವರೆಗೆ ಸಾವಿರದ ಮುನ್ನೂರು ಮೈಲಿಗಳಷ್ಟು ಪ್ರಯಾಣ ಮಾಡಿ ಪುಸ್ತಕವನ್ನೂ ಬರೆದನು. ಆ ವಾಹನವು ಇಂದಿಗೂ ಉಳಿದಿದೆ. ಅದು ಉಳಿದುದಕ್ಕೆ ಒಳ್ಳೆಯ ಮರದಷ್ಟೇ ಮುಖ್ಯವಾದ ಕಾರಣವೊಂದು ನನಗೆ ಕಾಣುತ್ತದೆ: ಅದರ ಗಾಲಿಯನ್ನೂ ಗೋಡೆಯನ್ನೂ ಮಾಡಿದ ಕಾರಖಾನೆ ಒಂದೇ.

ಮೋಟಾರು ಯುಗದಲ್ಲಿ ಈ ಒಂದು ಎರಡಾಯಿತು. ಇಂದಿನ ಮೋಟಾರು ಮನೆಗಳಲ್ಲಿ ಬಹುತೇಕವುಗಳ ಚಾಸಿ ಮತ್ತು ಎಂಜಿನ್ನು ಒಂದು ಕಂಪನಿಯವು. ಅದರ ಮೇಲೆ ಮನೆ ಕಟ್ಟುವವರು ಬೇರೆ. ಒಳಗಿನ ಒಲೆ, ಶೀತಕಪಾಟು, ನೀರಿನ ಪಂಪು, ಬ್ಯಾಟರಿಗಳಿಗೆ ಮತ್ತೆ ಬೇರೆ ಬೇರೆ ಧಣಿಗಳು, ಬೇರೆ ಬೇರೆ ಖಾತ್ರಿಪತ್ರಗಳು. ಚಾಸಿಯನ್ನು ಸಾವಿರಗಟ್ಟಲೆ ಮಾಡಿ ವರ್ಷಗಟ್ಟಲೆ ಓಡಿಸಿ ಪರೀಕ್ಷಿಸಿರುತ್ತಾರೆ. ಮನೆಯ ಭಾಗವನ್ನು ಎಷ್ಟೋ ಕಡೆಗೆ ಒಂದೊಂದಾಗಿ ಕೈಯಿಂದ ಕಟ್ಟುತ್ತಾರೆ. ನಿಂತ ಮನೆಗೆ ಇಲ್ಲದ ಒಂದು ಕಷ್ಟ ಇದಕ್ಕುಂಟು: ಪ್ರತಿ ಮೈಲಿಗೂ ಅದು ನಡುಗುತ್ತದೆ. ಗೋಡೆ ಮತ್ತು ಚಾವಣಿ ಕೂಡುವಲ್ಲಿ, ಕಿಟಕಿಯ ಅಂಚಿನಲ್ಲಿ, ಗಾಳಿಕಿಂಡಿಯ ಸುತ್ತ ಹಚ್ಚಿದ ಮೇಣವು ಬಿರಿದು ನೀರು ಒಳಗೆ ಇಳಿಯುತ್ತದೆ. ಆ ನೀರು ಹೊರಗಿನ ಹೊಳಪಿನ ಹಿಂದೆ ಕಟ್ಟಿಗೆಯ ಚೌಕಟ್ಟನ್ನು ಕೊಳೆಯಿಸುತ್ತಿದ್ದರೂ ಒಡೆಯನಿಗೆ ಬಹುಕಾಲ ಗೊತ್ತಾಗುವದಿಲ್ಲ. ನಮ್ಮ ಮುತ್ತಜ್ಜನ ಗುಂಬದೊಳಗಿನ ಅರಗಿಗೂ ಇದಕ್ಕೂ ಹೆಚ್ಚಿನ ಅಂತರ ನನಗೆ ಕಾಣದು.

ಕೆಟ್ಟಾಗ ಕೇಳುವದು ಯಾರನ್ನು? ಮೋಟಾರು ಮನೆಗಳು ಹೇರಳವಾಗಿರುವ ಅಮೇರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ, ಮೇಲಿಂದ ಮೇಲೆ ಕೆಡುವ ಹೊಸ ಮೋಟಾರು ವಾಹನವನ್ನು ಕಂಪನಿಯು ಮರಳಿ ತೆಗೆದುಕೊಳ್ಳಬೇಕೆಂಬ ವಿಶೇಷ ಕಾನೂನಿದೆ. ಮೋಟಾರು ಮನೆಯ ಮಟ್ಟಿಗೆ ಅದು ಚಾಸಿಗೂ ಓಡುವ ಯಂತ್ರಭಾಗಕ್ಕೂ ಅನ್ವಯಿಸುತ್ತದೆ. ಮನುಷ್ಯರ ವಾಸಕ್ಕಾಗಿ ಮಾಡಿದ ಭಾಗವನ್ನು ಆ ವ್ಯಾಖ್ಯೆಯು ಹೊರಗೆ ಇಟ್ಟಿದೆ. ಬಡಿಗ ಕಂಬಾರರ ನಡುವಿನ ಸಂದನ್ನು ಹೀಗೆ ಶಾಸನವೇ ಗುರುತು ಹಾಕಿ ತೋರಿಸಿದಂತಾಯಿತು. ನಮ್ಮ ದೇಶದಲ್ಲಿ 1986ರ ಗ್ರಾಹಕ ಸಂರಕ್ಷಣೆಯ ಕಾನೂನಿನ ಸ್ಥಾನಕ್ಕೆ ಬಂದ 2019ರ ಕಾನೂನು 2020ರ ಜುಲೈಯಿಂದ ಜಾರಿಗೆ ಬಂದಿದ್ದು, ದೋಷದ ವಸ್ತುವಿನಿಂದಾದ ಹಾನಿಗೆ ಮಾಡಿದವನನ್ನೂ ಮಾರಿದವನನ್ನೂ ಹೊಣೆಮಾಡಲಿಕ್ಕೆ ದಾರಿ ತೆರೆದಿದೆ. ಮೋಟಾರು ಕ್ಯಾರಾವಾನುಗಳ ಮಂಜೂರಾತಿಗಾಗಿ ಎ.ಐ.ಎಸ್. 124 ಎಂಬ ಮಾನದಂಡವೂ ಇದೆ. ಇವೆಲ್ಲ ಒಳ್ಳೆಯವೇ. ಆದರೆ ವ್ಯಾಜ್ಯವು ಮುಗಿಯುವವರೆಗೆ ಮಳೆಗಾಲವು ಕಾದು ನಿಲ್ಲುವದಿಲ್ಲವಷ್ಟೆ.

ನಾನು ಆಪ್ತರಿಗೆ ಇಷ್ಟನ್ನೂ ಹೇಳಿ, ಮುತ್ತಜ್ಜನ ವಿಧಿಯನ್ನು ಮೋಟಾರಿಗೆ ಹೊಂದಿಸಿ ಬರೆದುಕೊಟ್ಟೆನು. ಚಿತ್ರವನ್ನು ನೋಡಬೇಡಿರಿ, ಕಟ್ಟುತ್ತಿರುವ ಶೆಡ್ಡಿಗೆ ಹೋಗಿ, ಗೋಡೆಯ ಹೊದಿಕೆ ಮುಚ್ಚುವ ಮೊದಲು ಚೌಕಟ್ಟನ್ನು, ತಂತಿ ನಳಿಗೆಗಳನ್ನು ನೋಡಿರಿ. ಮೂರು ವರ್ಷ ಹಿಂದೆ ಅವರೇ ಕಟ್ಟಿದ ವಾಹನದ ಒಡೆಯನನ್ನು ಕಂಡು ಬನ್ನಿರಿ. ನೀರಿನ ತೊಟ್ಟಿಯನ್ನು ತುಂಬಿಸಿ, ಸಾಮಾನು ಹೇರಿ, ಮನೆಯವರೆಲ್ಲ ಕುಳಿತು ತೂಕದ ಕಾಂಟಾಕ್ಕೆ ಏರಿಸಿರಿ. ಒಟ್ಟು ತೂಕವನ್ನಷ್ಟೇ ಅಲ್ಲ, ಹಿಂದಿನ ಅಚ್ಚಿನ ಭಾರವನ್ನೂ ಬೇರೆಯಾಗಿ ನೋಡಿರಿ. ಅಲ್ಲಿ ಮಿತಿ ಮೀರಿದ ವಾಹನಕ್ಕೆ ಟಾಯರು, ಬ್ರೇಕು ಯಾವುದೂ ಬಾಳದು. ಯಾವ ಭಾಗ ಕೆಟ್ಟರೂ ತಾನೇ ಮೊದಲು ನೋಡುವೆನೆಂದು ಒಬ್ಬನೇ ಒಬ್ಬನಿಂದ ಬರೆಯಿಸಿಕೊಳ್ಳಿರಿ. ಕಡೆಯ ಕಂತನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುತ್ತೇನೆಂದು ಕೇಳಿನೋಡಿರಿ.

ಈ ಕಡೆಯ ಮಾತಿಗೆ ಕಟ್ಟುವವರು ಒಪ್ಪಲಿಲ್ಲ. ಬಹಳ ಜಗ್ಗಾಡಿದ ಮೇಲೆ ಅರ್ಧ ದಿವಸದ ಮಳೆಗೆ ಒಪ್ಪಿದರು. ಕರೆದರೆಂದು ನಾನೂ ಹೋಗಿದ್ದೆನು. ನೀರಿನ ಟ್ಯಾಂಕರೊಂದನ್ನು ತರಿಸಿ, ಹೊಸ ವಾಹನದ ಚಾವಣಿಯ ಮೇಲೆ ಪೈಪಿನಿಂದ ಮೂರು ತಾಸು ನೀರು ಬಿಟ್ಟೆವು. ಹೊರಗೆ ಬಿಳಿಯ ಬಣ್ಣವು ತೊಳೆದ ತಟ್ಟೆಯಂತೆ ಹೊಳೆಯುತ್ತಿತ್ತು. ಆಪ್ತರು ಒಳಗೆ ಕಂದೀಲಿನ ಬದಲು ಬ್ಯಾಟರಿ ಹಿಡಿದುಕೊಂಡು, ಮಂಚದ ತಲೆದೆಸೆಯ ಮೂಲೆಯಲ್ಲಿ ಅಂಗೈಯಿಂದ ಗೋಡೆಯನ್ನು ಸವರುತ್ತ ಮೊಣಕಾಲೂರಿ ಕುಳಿತಿದ್ದರು. ಮೂರನೆಯ ತಾಸಿನ ಕೊನೆಗೆ ಅವರ ಅಂಗೈ ಒದ್ದೆಯಾಯಿತು. ಕಟ್ಟುವವರು ಆ ಮೂಲೆಯನ್ನು ಬಿಚ್ಚಿ ಮತ್ತೆ ಕೂಡಿಸಲಿಕ್ಕೆ ಹದಿನೈದು ದಿವಸ ತೆಗೆದುಕೊಂಡರು. ಬನದ ಹುಣ್ಣಿಮೆಯ ಹೊತ್ತಿಗೆ ವಾಹನವು ಬನಶಂಕರಿಗೆ ಬಂದು, ಹಿಂದೆ ಕೊಲ್ಲಾರಿ ಬಂಡಿಗಳು ಬಿಡುತ್ತಿದ್ದ ಬಯಲಿನ ಅಂಚಿನಲ್ಲಿ ನಿಂತಿತು.